ಸಾಕು ಅಂದರೂ ಕೇಳದ ಉಪಚಾರಿ

"ಮಂಗಳಾ, ಬಾ ಇಲ್ಲಿ! ಇನ್ನು ನೀನು ಬಡಿಸೋದೇ ಬೇಡ!"

ನಡುಮನೆಯಿಂದ ಗಂಡ ಗಂಗಾಧರಯ್ಯನವರ ಕೂಗು ಕೇಳಿ ಮಂಗಳಮ್ಮ ಗಾಬರಿಯಿಂದ ಓಡಿ ಬಂದರು. ಗಂಡ ಕಟ್ಟಿದ ಹಿಂದಿನ ಯಂತ್ರ ಬಟ್ಟೆ ಮಡಚುವ ಭರದಲ್ಲಿ ಕಿಟಕಿ ಪರದೆಯನ್ನೂ ಕಿತ್ತು ಬೀರುವಿಗೆ ತುಂಬಿತ್ತು.

ಈಗ ನಿಂತಿದ್ದದ್ದು ಸ್ಕೂಟರ್ ಚಕ್ರ, ಟೇಬಲ್ ಫ್ಯಾನಿನ ಕತ್ತು, ಉದ್ದನೆಯ ತಗಡಿನ ಕೈ ಇರುವ 'ಉಪಚಾರಿ'. ಹೊಟ್ಟೆಯೊಳಗೊಂದು ಪುಟ್ಟ ಕಂಪ್ಯೂಟರ್. ನಿವೃತ್ತ ಮೇಷ್ಟ್ರಾದ ಗಂಗಾಧರಯ್ಯ ಲ್ಯಾಪ್‌ಟಾಪಿನ ಕಪ್ಪು ಕಿಟಕಿಯಲ್ಲಿ ಲಿನಕ್ಸ್ ಆಜ್ಞೆಗಳನ್ನು ಟಕಟಕ ಕುಟ್ಟಿ ಅದನ್ನು ಆಡಿಸುತ್ತಿದ್ದರು. ಮೌಸ್ ಹಿಡಿಯುವವರನ್ನು ಕಂಡರೆ ಅವರಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು!

"ಬಡಿಸಲೇ?" ಎಂದಿತು ಉಪಚಾರಿ.

"ಬೇಡಪ್ಪ" ಎಂದರು ಮಂಗಳಮ್ಮ. ಅದು ತೆಪ್ಪಗೆ ಹಿಂದೆ ಸರಿಯಿತು.

"ನೋಡಿದ್ಯಾ, ಎಷ್ಟು ಮರ್ಯಾದೆ!"

"ಮರ್ಯಾದೆಯಂತೆ! ಗೃಹಪ್ರವೇಶದಲ್ಲಿ ನಿಮ್ಮಕ್ಕ ಬೇಡ ಅಂದ್ರು ಅಂತ ಎರಡನೇ ಒಬ್ಬಟ್ಟು ಹಾಕದೆ ಮುಂದಕ್ಕೆ ಹೋದೆ. ಅವತ್ತಿಂದ ನಮ್ಮ ಹೊಸ್ತಿಲು ತುಳಿದಿಲ್ಲ! ನಾಳೆ ಬರ್ತಿದಾರೆ. ಇದೂ ಹಂಗೇ ಮಾಡಿದ್ರೆ ಮುಗೀತು ಕತೆ!"

ಹೊಸ ಸೊಸೆಯಾಗಿ ಬಂದಾಗ ತಲೆ ಬಾಚಿ ಹೂ ಮುಡಿಸಿದ ಅತ್ತಿಗೆ ಪಾರ್ವತಕ್ಕನ ಮುನಿಸು ಮಂಗಳಮ್ಮನನ್ನು ಒಳಗೊಳಗೇ ಕೊರೆಯುತ್ತಿತ್ತು.

"ಅಷ್ಟೇ ತಾನೆ? 'ಯೆಸ್' ಅಂತ ಒಂದು ಕಮ್ಯಾಂಡ್ ಇದೆ. ಕಂಪ್ಯೂಟರ್ ಏನು ಕೇಳಿದ್ರೂ ನಮ್ಮ ಪರವಾಗಿ ಹೂಂ, ಹೂಂ ಅಂತಾನೇ ಇರುತ್ತೆ. ಅದನ್ನ ಸೇರಿಸ್ತೀನಿ. ಜೊತೆಗೆ 'ನೋಹಪ್' ಹಾಕಿದ್ರೆ ಈ ಕಿಟಕಿ ಮುಚ್ಚಿದ್ರೂ ಕೆಲಸ ನಿಲ್ಲಲ್ಲ!"

"ನಿಲ್ಲಿಸೋದು ಹೆಂಗೆ?"

"ನಿಲ್ಲಿಸೋದ್ಯಾಕೆ?"

ಮರುದಿನ ತಿಪಟೂರಿನಿಂದ ಬಂದ ಪಾರ್ವತಕ್ಕ ಮುಖ ಬಿಗಿದುಕೊಂಡೇ ಎಲೆ ಮುಂದೆ ಕೂತರು.

"ಬಡಿಸಲೇ?"

"ಬೇಡ."

ಧಪ್! ಒಂದು ಒಬ್ಬಟ್ಟು.

"ಬೇಡ ಅಂದ್ನಲ್ಲ!"

ಧಪ್! ಇನ್ನೊಂದು. ಎಲೆಗೆ ಕೈ ಅಡ್ಡ ಹಿಡಿದರೆ ಕೈಮೇಲೆ ಬಿತ್ತು. ಎದ್ದು ಹಜಾರಕ್ಕೆ ಓಡಿದರೆ ಅಲ್ಲಿಗೂ ಬಂತು. ಒಬ್ಬಟ್ಟು ಮುಗಿದಾಗ ಹಪ್ಪಳ, ಆಮೇಲೆ ನಿಂಬೆಹಣ್ಣು, ಕೊನೆಗೆ ಟಿವಿ ರಿಮೋಟು!

"ಕಂಟ್ರೋಲ್ ಸಿ! ಕಂಟ್ರೋಲ್ ಸಿ!" ಎಂದು ಗಂಗಾಧರಯ್ಯ ಯಂತ್ರ ನಿಲ್ಲಿಸಲು ಕೀಲಿಮಣೆ ಕುಟ್ಟಿದರು. ಅದಕ್ಕೆ ಜಗ್ಗಲಿಲ್ಲ. ಕೆಲಸವನ್ನೇ ಕೊಲ್ಲುವ 'ಕಿಲ್' ಆಜ್ಞೆ ಕೊಡೋಣವೆಂದರೆ ಉಪಚಾರಿ ಕೀಲಿಮಣೆಗೇ ತುಪ್ಪ ಬಡಿಸಿಬಿಟ್ಟಿತು!

ಮಂಗಳಮ್ಮ ಕೈಚೆಲ್ಲಿ ಕೂತರು. ಇನ್ನು ಅತ್ತಿಗೆ ಈ ಜನ್ಮದಲ್ಲಿ ಬರುವುದಿಲ್ಲ. ಆದರೆ ಪಾರ್ವತಕ್ಕ ಮಡಿಲ ತುಂಬ ಒಬ್ಬಟ್ಟು ಇಟ್ಟುಕೊಂಡು, ಹೊಟ್ಟೆ ಹಿಡಿದು ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

"ಅಮ್ಮ ಹೋದ್ಮೇಲೆ ನಂಗೆ ಇಷ್ಟು ಬಲವಂತ ಮಾಡಿದೋರು ಯಾರೂ ಇರ್ಲಿಲ್ಲ ಕಣೇ, ಮಂಗಳಾ!"

ಮಂಗಳಮ್ಮ ಒಳಗೆ ಓಡಿ ಒಂದು ಬಿಸಿ ಒಬ್ಬಟ್ಟು ತಂದರು. "ನನ್ ಕೈಯಿಂದ ಒಂದು, ಅತ್ತಿಗೆ."

"ಬೇಡಮ್ಮ."

ಮಂಗಳಮ್ಮ ಬಡಿಸಿಯೇಬಿಟ್ಟರು. ಪಾರ್ವತಕ್ಕ ಚೂರೂ ಬಿಡದೆ ತಿಂದು, ಮಂಗಳಮ್ಮನ ಕೆನ್ನೆ ಸವರಿ ಹೊರಟರು. ಉಪಚಾರಿ ಎಲ್ಲಿ ಹೋಯಿತೆಂದು ಯಾರೂ ನೋಡಲಿಲ್ಲ.

ಸಂಜೆ ಫೋನು ಬಂತು. "ಗಂಗಾ, ನಿನ್ ಮಿಷನ್ನು ನನ್ ಹಿಂದೇನೇ ಬಸ್ ಹತ್ತಿದೆ ಕಣೋ! ಕಂಡಕ್ಟರ್ ಚೀಲ ಕಿತ್ತು ನನ್ ತಲೆಮೇಲೆ ಬಡಿಸ್ತು! ಬೇಡ ಕಣೋ, ಬೇಡ! ದಮ್ಮಯ್ಯ, ಬೇಡ!"

ಗಂಗಾಧರಯ್ಯ ಬೆವರೊರೆಸಿಕೊಂಡು ಹೆಂಡತಿಯ ಮುಖ ನೋಡಿದರು.

"ಹೋಗಿ ಅದನ್ನ ಕರ್ಕೊಂಡು ಬನ್ನಿ" ಎಂದರು ಮಂಗಳಮ್ಮ. "ನಿಮ್ಮಕ್ಕ ನಿಜವಾಗ್ಲೂ ಬೇಡ ಅಂದಿದ್ದು ಇದೇ ಮೊದಲು."