ಎರಡೂ ಸೂಜಿ ಅಕ್ಕ!

ಶುಕ್ರವಾರ ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ. ನಾನು ಹಾಲಿನ ಪಾತ್ರೆಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ಗೌಳಿಯ ಪ್ರಾಮಾಣಿಕತೆಯನ್ನು ಅಳೆಯುತ್ತಿದ್ದೆ. ಅಷ್ಟರಲ್ಲಿ ಅಕ್ಕಿ ವ್ಯಾಪಾರಿ ಗೋಣೆಪ್ಪನವರ ಫೋನ್ ಬಂತು.

“ಮಾಸ್ತರ, ನಾಳಿ ಅಕ್ಕಾರ ಬೀಳ್ಕೊಡಿಗಿ. ಪೆಂಡಾಲ್ ಆತು, ಊಟ ಆತು. ಫ್ಲೆಕ್ಸ್ ಒಂದು ಉಳದೈತಿ ನೋಡ್ರಿ.”

“ಅದನ್ನ ನನಗ ಬಿಡ್ರಿ! ಗಂಗಾವತಿ ಮಂದಿ ಹುಟ್ಟಿದಾಗಿಂದ ನೋಡಿರಬಾರದು, ಅಂಥಾ ಫ್ಲೆಕ್ಸ್ ಮಾಡಸ್ತೀನಿ!”

ಮಾತು ಉಳಿಸಿಕೊಂಡೆ. ಅಂಥ ಫ್ಲೆಕ್ಸನ್ನು ಗಂಗಾವತಿ ನಿಜಕ್ಕೂ ನೋಡಿರಲಿಲ್ಲ.

ಅಕ್ಕಂದಿರು ಯಾರೆಂದು ನಮ್ಮೂರಲ್ಲಿ ಕೇಳಿದರೆ ಜನ ಮೊದಲು ಎಡ ತೋಳು ಸವರಿಕೊಳ್ಳುತ್ತಾರೆ, ಆಮೇಲೆ ನಗುತ್ತಾರೆ. ವಿರೂಪಾಕ್ಷಮ್ಮ ಮತ್ತು ಮಹೇಶ್ವರಿ ಅವಳಿಗಳು. ನಾಲ್ಕು ನಿಮಿಷದ ಅಂತರ. ಒಂದೇ ಮೂಗು, ಒಂದೇ ಎತ್ತರ, ಒಂದೇ ಸಮವಸ್ತ್ರದ ಸೀರೆ. ಮೂವತ್ತೈದು ವರ್ಷ ಒಂದೇ ಆರೋಗ್ಯ ಕೇಂದ್ರದಲ್ಲಿ ಊರಿಗೆಲ್ಲ ಲಸಿಕೆ ಹಾಕಿದವರು. ವಿರೂಪಾಕ್ಷಮ್ಮ ಸೂಜಿ ಚುಚ್ಚುವಾಗ ಮಹೇಶ್ವರಿ ಎದುರು ನಿಂತು, ಮಾತಿನಲ್ಲಿ ನೋವು ಮರೆಸಿ, ಬಾಯಿಗೆ ಪೆಪ್ಪರಮಿಂಟು ಹಾಕುತ್ತಾಳೆ. ಹೀಗಾಗಿ ಒಬ್ಬರು ಸೂಜಿ ಅಕ್ಕ, ಇನ್ನೊಬ್ಬಳು ಪೆಪ್ಪರಮಿಂಟ್ ಅಕ್ಕ. ಇವರನ್ನು ಕಂಡರೆ ಬಸ್ಸಿನಲ್ಲಿ ಆರು ಜನ ಏಳುತ್ತಾರೆ. ಮದುವೆಮನೆಯಲ್ಲಿ ಮದುಮಕ್ಕಳೇ ಇಳಿದು ಬಂದು ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ಹುಟ್ಟಿದ ದಿನ ಒಂದೇ ಆದ್ದರಿಂದ ನಿವೃತ್ತಿಯ ದಿನವೂ ಒಂದೇ.

ಇವರಲ್ಲಿ ಪೆಪ್ಪರಮಿಂಟ್ ಅಕ್ಕ ನನ್ನ ಹೆಂಡತಿ. ಮೂವತ್ತೊಂದು ವರ್ಷಗಳಿಂದ!

ಆಲ್ಬಮ್ ತಿರುವಿದೆ. ಹೆಂಡತಿಯದೊಂದು ಸ್ಪಷ್ಟವಾದ ಒಂಟಿ ಫೋಟೋ ಸಿಕ್ಕಿತು. ಅವಳ ಅಕ್ಕನದು ಸಿಗಲಿಲ್ಲ. ಸಿಗಬೇಕಾದ ಅಗತ್ಯವಾದರೂ ಏನು?

ಫ್ಲೆಕ್ಸ್ ಅಂಗಡಿಯ ಮೌಲಾಹುಸೇನ ಕೇಳಿದ: “ಇನ್ನೊಬ್ಬ ಅಕ್ಕಾರ ಫೋಟೋ ಎಲ್ಲೈತ್ರಿ ಸರ್?”

“ಮೌಲಾಹುಸೇನ, ಅವರು ಒಂದ ತತ್ತಿ ಸೀಳಿ ಇಬ್ಬರಾದವರು. ನಿಸರ್ಗನ ಕಾಪಿ-ಪೇಸ್ಟ್ ಮಾಡೇತಿ, ನಿನಗೇನ ತ್ರಾಸು? ಎಡಕ್ಕೊಂದು ಹಾಕು, ತಿರುವಿ ಬಲಕ್ಕೊಂದು ಹಾಕು.”

ಅವನು ಹಾಗೆಯೇ ಮಾಡಿದ. ಎಡಗಡೆ ವಿರೂಪಾಕ್ಷಮ್ಮ ಎಂದೂ ಬಲಗಡೆ ಮಹೇಶ್ವರಿ ಎಂದೂ ಬರೆದ. ಆದರೆ ಕೆಲಸದುದ್ದಕ್ಕೂ ಎಡ ತೋಳು ತಿಕ್ಕಿಕೊಳ್ಳುತ್ತಿದ್ದ.

“ಏನಾತೋ?”

“ಗೊತ್ತಿಲ್ರಿ. ಈ ಫೋಟೋ ಕಂಪ್ಯೂಟರಿನ್ಯಾಗ ತಗದಾಗಿಂದ ತೋಳು ಚುಳ್ ಅನ್ನಾಕತ್ತೈತಿ.”

“ಪೊಟ್ಯಾಸಿಯಂ ಕಡಿಮಿ ಆಗೇತಿ. ಬಾಳಿಹಣ್ಣು ತಿನ್ನು,” ಎಂದು ಶಾಸ್ತ್ರೋಕ್ತವಾಗಿ ಸಲಹೆ ಕೊಟ್ಟು ಬಂದೆ.

ಶನಿವಾರ ಏಳೂವರೆಗೆ ಆರೋಗ್ಯ ಕೇಂದ್ರದ ಗೇಟಿನ ಮೇಲೆ ಫ್ಲೆಕ್ಸ್ ಏರಿತು. ಹತ್ತಡಿ ಅಗಲ, ಆರಡಿ ಎತ್ತರ. ಏಳು ನಲವತ್ತಕ್ಕೆ ಮುಂಜಾನೆ ಶಾಲೆಯ ಮೊದಲ ಆಟೋ ಹಾದುಹೋಯಿತು. ಒಳಗೆ ಹನ್ನೊಂದು ಮಕ್ಕಳು. ಹನ್ನೊಂದೂ ತಲೆಯೆತ್ತಿ ನೋಡಿ, ಒಟ್ಟಿಗೆ ಬಾಯಿ ತೆರೆದು ಅಳತೊಡಗಿದವು! ಎರಡನೆಯ ಆಟೋದಲ್ಲಿ ಒಂಬತ್ತಕ್ಕೆ ಒಂಬತ್ತು. ಗಾಳಿಗೆ ಫ್ಲೆಕ್ಸ್ ಪಟಪಟಿಸುವ ಸದ್ದಿಗೆ ಹೆದರಿರಬೇಕೆಂದು ನಾನು ಊಹಿಸಿದೆ. ಗಾಳಿ ಇರಲಿಲ್ಲ.

ಪೆಂಡಾಲಿನ ಕುರ್ಚಿ ಎಣಿಸಿ ಒಂಬತ್ತೂವರೆಗೆ ಹೊರಗೆ ಬಂದರೆ, ಗೇಟಿನ ಕೆಳಗೆ ಹೂ ಮಾರುವ ಗೌಸಬೀ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಮಾಸ್ತರ, ಇದೇನ್ರಿ? ಎರಡೂ ಸೂಜಿ ಅಕ್ಕ! ನಮ್ಮ ಪೆಪ್ಪರಮಿಂಟ್ ಅಕ್ಕ ಎಲ್ಲಿ ಹೋದಳ್ರಿ?”

“ಹುಚ್ಚಿ, ಅದು ನನ್ನ ಹೆಂಡತಿ ಫೋಟೋ! ನನಗ ಗೊತ್ತಿಲ್ಲೇನು?”

“ನಿಮಗ ಗೊತ್ತಿಲ್ಲ ಬಿಡ್ರಿ,” ಎಂದಳು ಗೌಸಬೀ, ಮರುಕದಿಂದ. “ಕಣ್ಣು ನೋಡ್ರಿ. ಸೂಜಿ ಅಕ್ಕ ಯಾವಾಗ್ಲೂ ನಮ್ಮ ತೋಳು ನೋಡತಾಳ. ಪೆಪ್ಪರಮಿಂಟ್ ಅಕ್ಕ ನಮ್ಮ ಮಾರಿ ನೋಡತಾಳ. ಕೂಸುಗೋಳಿಗೂ ಗೊತ್ತೈತಿ.”

ನೋಡಿದೆ. ಹತ್ತಡಿ ಅಗಲದಲ್ಲಿ ನಾಲ್ಕು ಕಣ್ಣುಗಳು ದಾರಿಹೋಕರ ತೋಳುಗಳನ್ನು ಹುಡುಕುತ್ತಿದ್ದವು.

ಮನೆಗೆ ಓಡಿದೆ. ತಡವಾಗಿತ್ತು. ಯಾರೋ ಆಗಲೇ ವಾಟ್ಸಾಪಿನಲ್ಲಿ ಕಳಿಸಿದ್ದರು. ಹೊಸ ಇಳಕಲ್ ಸೀರೆಯನ್ನು ಮಹೇಶ್ವರಿ ಮಡಚಿ ಟ್ರಂಕಿಗೆ ಹಾಕುತ್ತಿದ್ದಳು.

“ನಾ ಬರಂಗಿಲ್ಲ.”

“ಯಾಕ?”

“ಅಲ್ಲಿ ಆಗಲೇ ಇಬ್ಬರು ಅದಾರಲ್ಲ. ಮೂರನೇದಾಕಿ ಹೋಗಿ ಏನ್ ಮಾಡ್ಲಿ?”

“ಮಹೇಶ್ವರಿ, ಅದು ಒಂದು ತಾಂತ್ರಿಕ ದೋಷ...”

“ಮೂವತ್ತೈದು ವರ್ಷ ಈ ಊರಿನ ಕೂಸುಗಳ ಕಣ್ಣೀರು ಒರಸೀನಿ. ಕಡೇ ದಿನ ನೀವು ಅವನ್ನೆಲ್ಲ ಅಳಿಸೀರಿ. ಅದೂ ನನ್ನ ಹೆಸರು ಬರದು!”

ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಅವಳ ಬೀಳ್ಕೊಡುಗೆಯಿಂದ ಅವಳನ್ನೇ ನಾನು ಅಳಿಸಿಹಾಕಿದ್ದೆ. ಕಾರ್ಯಕ್ರಮ ಹನ್ನೊಂದಕ್ಕೆ, ಗಡಿಯಾರದಲ್ಲಿ ಒಂಬತ್ತು ಐವತ್ತು.

ಕತ್ತರಿ ಹಿಡಿದು ಮತ್ತೆ ಗೇಟಿಗೆ ಓಡಿ ಏಣಿ ಹತ್ತಿದೆ. ಬಲಗಡೆಯ ಸುಳ್ಳು ಮಹೇಶ್ವರಿಯನ್ನಾದರೂ ಕೆಳಗಿಳಿಸಬೇಕು! ಮುಖದ ಮುಕ್ಕಾಲು ಭಾಗ ಕತ್ತರಿಸಿದಾಗ ಏಣಿ ಜಾರಿತು. ಆಸರೆಗೆಂದು ಹಿಡಿದದ್ದು ತುಕ್ಕು ಹಿಡಿದ ತಂತಿ. ಅಂಗೈ ಸೀಳಿತು. ಕೆಳಗೆ ಗೌಸಬೀಯ ಸೇವಂತಿಗೆ ಬುಟ್ಟಿ ಇದ್ದುದರಿಂದ ಗುರುತ್ವಾಕರ್ಷಣೆ ನನ್ನ ಮೇಲೆ ಅಷ್ಟೇನೂ ಹಗೆ ಸಾಧಿಸಲಿಲ್ಲ.

ನಾಲ್ಕು ನೂರು ಜನರ ನಡುವೆ ನನ್ನನ್ನು ಎತ್ತಿ ತಂದು ವೇದಿಕೆಯ ಕುರ್ಚಿಯಲ್ಲಿ ಕೂರಿಸಿದರು. ವಿರೂಪಾಕ್ಷಮ್ಮ ನನ್ನ ಮುಖ ನೋಡಲಿಲ್ಲ. ಅಂಗೈ ನೋಡಿ, ತೋಳು ನೋಡಿದರು.

“ತುಕ್ಕಿನ ತಂತಿ. ಟಿ.ಟಿ. ಹಾಕಬೇಕು.”

“ಹಾಕ್ರಿ ಮತ್ತ.”

“ನಾ ಒಬ್ಬಾಕಿನ ಹಾಕಂಗಿಲ್ಲ. ಎದುರು ನಿಂತು ಮಾತಾಡಾಕ ಮಹೇಶ್ವರಿ ಬೇಕು. ಮೂವತ್ತೈದು ವರ್ಷದ ಪದ್ಧತಿ, ನಿಮ್ಮ ಸಲುವಾಗಿ ಮುರೀಲೇನು?”

ಗೋಣೆಪ್ಪನವರು ಫೋನ್ ಹಚ್ಚಿದರು. “ಅಕ್ಕಾರ, ಪೇಷಂಟ್ ಬಂದಾರ. ಭಾಳ ಹೆದರ್ಯಾರ.”

“ಯಾರು?”

“ಹೆಸರು ಕೇಳಬ್ಯಾಡ್ರಿ. ಲಗೂನ ಬರ್ರಿ.”

ಒಂಬತ್ತು ನಿಮಿಷದಲ್ಲಿ ಬಂದಳು. ಪೇಷಂಟ್ ಎಂದಮೇಲೆ ಅವಳು ಎಂದೂ ಮನೆಯಲ್ಲಿ ಕೂತವಳಲ್ಲ. ಇಳಕಲ್ ಸೀರೆಯನ್ನೂ ಉಟ್ಟಿದ್ದಳು. ಗೇಟಿನ ಮೇಲೆ ತನ್ನ ಹೆಸರಿನ ಮೇಲಿದ್ದ ದೊಡ್ಡ ತೂತು ನೋಡಿದಳು, ನನ್ನನ್ನು ನೋಡಿದಳು, ತುಟಿ ಬಿಗಿಹಿಡಿದಳು. ಜನ ಚಪ್ಪಾಳೆ ತಟ್ಟಿದರು. ಗೋಣೆಪ್ಪನವರು ಸಮಯ ಸಾಧಿಸಿ ಅವಳ ಕೈಗೆ ಮೈಕು ಕೊಟ್ಟರು.

ಅವಳು ಎದುರು ನಿಂತು ನೇರ ನನ್ನ ಮುಖವನ್ನೇ ನೋಡಿದಳು. ಇಂಥ ನೋಟ ಮೂವತ್ತೊಂದು ವರ್ಷ ಎದುರಿಗಿದ್ದರೂ ನಾನು ಲ್ಯಾಕ್ಟೋಮೀಟರ್ ನೋಡುತ್ತ ಕೂತಿದ್ದೆನಲ್ಲ!

“ಹೆದರಬ್ಯಾಡ್ರಿ. ಆ ಕಡಿ ನೋಡಬ್ಯಾಡ್ರಿ, ನನ್ನ ಕಡಿ ನೋಡ್ರಿ. ಒಂದು ಕತಿ ಹೇಳ್ತೀನಿ,” ಎಂದಳು ಮೈಕಿನಲ್ಲಿ. “ಒಂದು ದಿನ ನಮ್ಮ ತವರೂರು ತಳಕಲ್ಲಿಗೆ ಒಬ್ಬ ಬಿ.ಎಸ್ಸಿ. ವರ ಕನ್ಯಾ ನೋಡಾಕ ಬಂದಿದ್ದ. ನಮ್ಮಪ್ಪ ಕೇಳಿದ, ‘ತಮ್ಮಾ, ಹುಡುಗ್ಯಾರು ಇಬ್ಬರೂ ಒಂದ ನಮೂನಿ ಅದಾರ. ಮುಂದ ಗುರುತು ತಪ್ಪಿದ್ರ ಹೆಂಗಪಾ?’ ಆ ವರ ಎದ್ದು ನಿಂತು, ಕೂತ ಹಿರಿಯರ ಎದುರು, ಗಟ್ಟಿಯಾಗಿ ಏನಂದ ಗೊತ್ತೇನ್ರಿ?”

ಸೂಜಿ ಒಳಗೆ ಹೋಯಿತು.

“‘ಮಾವನವರೇ, ತಪ್ಪುವ ಸಂಭವ ಶೇಕಡಾ ಸೊನ್ನೆ ಬಿಂದು ಸೊನ್ನೆ ಸೊನ್ನೆ ಒಂದು!’”