ತೂಕದ ಜೊತೆ ಭವಿಷ್ಯ ಉಚಿತ

ಜನಕ್ಕೆ ಬುದ್ಧಿ ಹೇಳೋ ಕೆಲಸಕ್ಕೆ ಸೇರಿದವರ ಪಾಡೇ ಇಷ್ಟು. ನಾವು ಹೇಳೋದೊಂದು, ಅವರಿಗೆ ಕೇಳಿಸೋದು ಇನ್ನೊಂದು. ಎಂಬತ್ತರ ದಶಕದಲ್ಲಿ ಪೀಣ್ಯದ ಫ್ಯಾಕ್ಟರಿಗಳ ಮಧ್ಯೆ ಇದ್ದ ಒಂದು ಕಾಲೇಜಿನಲ್ಲಿ ನಾನು ಆಹಾರ ಸಲಹೆಗಾರ್ತಿ. ವಿದ್ಯಾರ್ಥಿಗಳು, ಸಿಬ್ಬಂದಿ ಏನು ತಿಂದರೆ ಚೆನ್ನಾಗಿರ್ತಾರೆ ಅಂತ ಹೇಳೋದು ನನ್ನ ಕೆಲಸ. "ಊಟ ಮಾಡೋದು ಹೇಳಿಕೊಡೋಕೂ ಸಂಬಳಾನಾ?" ಅಂತ ನಮ್ಮ ಮನೆಯವರೇ ನಗ್ತಿದ್ರು. ಮೈಯೆಲ್ಲ ಉರೀತಿತ್ತು ನನಗೆ.

ಬೋರ್ಡು

ಬಾಗಿಲಿಗೆ 'ಪೌಷ್ಟಿಕ ಆಹಾರ ಕೇಂದ್ರ' ಅಂತ ಬೋರ್ಡು ಹಾಕಿಸಿದೆ. ಮೊದಲ ದಿನವೇ ಹುಡುಗರ ದಂಡು! ಖುಷಿಯಿಂದ ಎದ್ದು ನಿಂತೆ. ಮುಂದಿದ್ದವನು ಕೈ ತೊಳ್ಕೊಂಡೇ ಬಂದಿದ್ದ.

"ಮೇಡಂ, ಇವತ್ತೇನು ಸ್ಪೆಷಲ್?"

"ಇಲ್ಲಿ ಊಟ ಇಲ್ಲಪ್ಪ, ಸಲಹೆ ಮಾತ್ರ."

ಅವನು ಹಿಂದಿನವರ ಕಡೆ ತಿರುಗಿದ. "ಎಲ್ಲಾ ಖಾಲಿಯಂತೆ, ನಡೀರೋ ಮಗಾ!"

ಆಮೇಲೆ ಒಂದು ನರಪಿಳ್ಳೆಯೂ ಬರಲಿಲ್ಲ. ಪ್ರಿನ್ಸಿಪಾಲರು ಕರೆದು, "ಟರ್ಮ್ ಮುಗಿಯೋದ್ರೊಳಗೆ ಜನ ಬರದಿದ್ರೆ ರೂಮು ಆಟದ ಮೇಷ್ಟ್ರಿಗೆ. ನಿಮ್ಮ ಕೆಲಸಾನೂ ಅಲ್ಲಿಗೆ ಮುಗೀತು" ಅಂದರು. ಆಟದ ಮೇಷ್ಟ್ರಿಗೆ ಚೆಂಡು, ಬ್ಯಾಟು ಇಡೋಕೆ ಜಾಗ ಬೇಕಿತ್ತು. ದಿನಾ ಬಂದು, "ಈ ಮೂಲೆಗೆ ನಮ್ಮ ಬೀರು ಕೂರುತ್ತೆ ಅಲ್ವಾ ಮೇಡಂ?" ಅಂತ ನನ್ನನ್ನೇ ಕೇಳೋರು. ಎಂಥ ಧೈರ್ಯ ನೋಡಿ!

ಅಗಿದು ತಿನ್ನಿ

ಸುಮ್ಮನೆ ಕೂರೋ ಜಾಯಮಾನ ನನ್ನದಲ್ಲ. ಕ್ಯಾಂಟೀನಿನ ಗೋಡೆ ಮೇಲೆ 'ಪ್ರತಿ ತುತ್ತನ್ನೂ ಚೆನ್ನಾಗಿ ಅಗಿದು ತಿನ್ನಿ' ಅಂತ ದೊಡ್ಡದಾಗಿ ಬರೆಸಿದೆ. ಮಾರನೇ ದಿನ ಲಗ್ಗೆರೆಯಿಂದ ಬರುತ್ತಿದ್ದ ವರ್ಕ್‌ಶಾಪ್ ಮೇಷ್ಟ್ರು ದವಡೆ ಹಿಡ್ಕೊಂಡು ಬಂದರು.

"ಏನ್ ಮೇಡಂ, ಇಂಗ್ ಮಾಡ್ಬಿಟ್ರಿ! ನೀವು ಯೋಳಿದ್ರಿ ಅಂತ ಮುದ್ದೆ ಅಗಿಯೋಕೋದೆ. ದವಡೆಗೆಲ್ಲ ಅಂಟ್ಕಂಡು ಬಾಯೇ ಬಿಡಕ್ಕಾಗ್ಲಿಲ್ಲ. ನಮ್ಮನೆಯೋಳು ಮಾತಾಡ್ಸುದ್ರೆ ಬರೀ ಊಂ ಊಂ. ಲಕ್ವ ಒಡೀತು ಅಂತ ಬೀದಿ ಜನಾನೆಲ್ಲ ಸೇರಿಸ್ಬುಟ್ಲು!"

ನಾನು ಅನ್ನದ ಮನೆಯವಳು. ಮುದ್ದೆ ನುಂಗೋದು, ಅಗಿಯೋದಲ್ಲ ಅನ್ನೋದು ಹೊಳೆದೇ ಇರಲಿಲ್ಲ. "ತಪ್ಪಾಯ್ತು ಸಾರ್" ಅಂದೆ.

"ಅಯ್ಯೋ ಬಿಡಿ. ಅಷ್ಟೊತ್ತು ನಾನು ಎದುರು ಮಾತಾಡ್ನಿಲ್ಲ ಅಂತ ಅವ್ಳು ಖುಷಿಯಾಗವ್ಳೆ. ದಿನಾ ಅಗೀರಿ ಅಂತಾವ್ಳೆ!"

ಚೀಟಿ

ಕಾಡಿ ಬೇಡಿ ಒಂದು ತೂಕದ ಮೆಷಿನ್ ತರಿಸಿದೆ. ಹಾಸ್ಟೆಲಿನ ಒಬ್ಬ ಕಡ್ಡಿ ಪೈಲ್ವಾನ್ ಹತ್ತಿದ, ಇಳಿದ, ಕೈ ಚಾಚಿಕೊಂಡು ನಿಂತೇ ಇದ್ದ.

"ಏನಪ್ಪ?"

"ಚೀಟಿ ಮೇಡಂ. ರೈಲ್ವೆ ಸ್ಟೇಷನ್ ಮೆಷಿನ್‌ನಲ್ಲಿ ತೂಕದ ಜೊತೆ ಭವಿಷ್ಯ ಬರುತ್ತಲ್ಲ. ನಿಮ್ಮದು ಕೆಟ್ಟೋಗಿದ್ಯಾ?"

ರೇಗಿಹೋಯ್ತು. ಒಂದು ಚೂರು ಕಾಗದದಲ್ಲಿ ಗೀಚಿದೆ: 'ಬೆಳಗಿನ ತಿಂಡಿ ಬಿಡುವವನಿಗೆ ಪರೀಕ್ಷೆಯಲ್ಲಿ ಶನಿಕಾಟ. ಪರಿಹಾರ: ಇಡ್ಲಿ, ಬಾಳೆಹಣ್ಣು.'

ಅವನು ಅದನ್ನು ಕಣ್ಣಿಗೊತ್ತಿಕೊಂಡು ಹೋದ. ಮಾರನೇ ದಿನ ನನ್ನ ಬಾಗಿಲಲ್ಲಿ ನೂಕುನುಗ್ಗಲು! ಸಲಹೆ ಅಂದ್ರೆ ಓಡ್ತಿದ್ದವರು ಭವಿಷ್ಯ ಅಂದ್ರೆ ಬಿದ್ದೆದ್ದು ಬಂದರು. ಗುಮಾಸ್ತರಿಗೆ ಬೋಂಡಾದಿಂದ ಕಂಟಕ, ಟೈಪಿಸ್ಟಮ್ಮನಿಗೆ ಸೊಪ್ಪಿನಿಂದ ಧನಲಾಭ ಅಂತ ಬರೆದೆ. ಆಕೆ ಕೆಲವು ದಿನ ಬಿಟ್ಟು ಜಗಳಕ್ಕೇ ಬಂದಳು. "ದಿನಾ ಮೆಂತ್ಯ ತಿಂತಿದೀನಿ, ಧನ ಎಲ್ರೀ?"

"ಡಾಕ್ಟರ ಹತ್ರ ಹೋದ್ರಾ?"

"ಇಲ್ವಲ್ಲ."

"ಅದೇ ಕಣ್ರೀ ಧನಲಾಭ!"

ಬೀರು

ಟರ್ಮ್ ಮುಗಿಯಿತು. ಆಟದ ಮೇಷ್ಟ್ರು ಜವಾನರ ಕೈಲಿ ಬೀರು ಹೊರಿಸಿಕೊಂಡು, ಪ್ರಿನ್ಸಿಪಾಲರನ್ನೂ ಕರ್ಕೊಂಡು ಬಂದೇಬಿಟ್ಟರು. ಬಂದರೆ ಒಳಗೆ ಕಾಲಿಡೋಕೆ ಜಾಗ ಇಲ್ಲ. ಪ್ರಿನ್ಸಿಪಾಲರು ತಳ್ಳಿಕೊಂಡು ಬರೋದಕ್ಕೂ, ಮುಂದಿದ್ದವನೊಬ್ಬ ತಿರುಗಿ ನೋಡದೆ, "ರೀ, ಲೈನಲ್ಲಿ ಬನ್ರೀ!" ಅಂತ ಗದರೋದಕ್ಕೂ ಸರಿಹೋಯ್ತು. ಪಾಪ, ಅವರು ಲೈನಲ್ಲೇ ನಿಂತುಬಿಟ್ಟರು!

ಸರದಿ ಬಂದಾಗ ಹತ್ತಿದರು. ಆಗಿದ್ದಾಗಲಿ ಅಂತ ಬರೆದೆ: 'ಜನಸಂದಣಿ ಕಂಡು ಮನಸ್ಸು ಬದಲಾಗುವುದು. ಪರಿಹಾರ: ಕಾಫಿಗೆ ಸಕ್ಕರೆ ಕಡಿಮೆ.' ಓದಿದರು, ನನ್ನ ಮುಖ ನೋಡಿದರು, ಚೀಟಿ ಜೇಬಿಗೆ ಹಾಕ್ಕೊಂಡರು.

"ಇಷ್ಟು ಜನ ನನ್ನ ಪಾಠಕ್ಕೂ ಬರಲ್ಲ ಕಣ್ರೀ. ನೀವು ಮುಂದುವರಿಸಿ."

ನನಗೆ ಕುಣಿಯೋ ಹಾಗಾಯ್ತು.

ಆಟದ ಮೇಷ್ಟ್ರು ಬಿಡ್ತಾರಾ? "ನನ್ನದೂ ನೋಡಿ" ಅಂತ ದುಮುಗುಟ್ಟುತ್ತಾ ಹತ್ತಿದರು. ಅವರ ಚೀಟಿಯನ್ನು ಪ್ರಿನ್ಸಿಪಾಲರೇ ಇಸ್ಕೊಂಡು, ಎಲ್ಲರಿಗೂ ಕೇಳೋ ಹಾಗೆ ಓದಿದರು:

"ತೂಕ ಸರಿಯಾಗಿದೆ. ಆರೋಗ್ಯ ಉತ್ತಮ. ಆದರೆ ಈ ವರ್ಷ ಗೃಹಪ್ರವೇಶದ ಯೋಗವಿಲ್ಲ!"