ಎರಡು ಬಾತುಕೋಳಿಗಳ ಹಳೇ ವ್ಯಾಜ್ಯ

ಹಳೇ ಮಾನಿಟರ್ ಒಂದಕ್ಕೆ ಮೂರು ವೈರು ಸಿಕ್ಕಿಸಿ ಆನ್ ಮಾಡುವುದು ಏನು ಮಹಾ ವಿದ್ಯೆ? ಕಾನ್ವೆಂಟಿನಲ್ಲಿ ಸೈನ್ಸ್ ಪ್ರೈಜ್ ಪಡೆದವಳು ನಾನು!

ಮಧುಗಿರಿಯಲ್ಲಿ ನಮ್ಮ ಯಜಮಾನರ ವಿಡಿಯೋ ಸ್ಟುಡಿಯೋ ಇದ್ದ ಕಾಲದಲ್ಲಿ ಊರಿನ ಎಷ್ಟೋ ಮದುವೆಗಳ ಎಡಿಟಿಂಗ್ ಆದದ್ದು ಆ ದಪ್ಪ ಗಾಜಿನ ಡಬ್ಬದಲ್ಲೇ. ಕೆಲಸವಿಲ್ಲದ ಮಧ್ಯಾಹ್ನ ನಾನೂ ನಾದಿನಿ ಸರೋಜಳೂ ಅದಕ್ಕೆ ವಿಡಿಯೋ ಗೇಮ್ ಸಿಕ್ಕಿಸಿ, ಪ್ಲಾಸ್ಟಿಕ್ ಗನ್ನಿನಿಂದ ಬಾತುಕೋಳಿ ಹೊಡೆಯುತ್ತಿದ್ದೆವು. ಅವಳ ಮದುವೆಗೆ ಮುಂಚಿನ ಕೊನೇ ಪಂದ್ಯದಲ್ಲಿ ನಾನು ಎರಡು ಬಾತುಕೋಳಿ ಮುಂದಿದ್ದೆ. ಕರೆಂಟ್ ಹೋಯಿತು. ಅವಳೂ ಪಾವಗಡಕ್ಕೆ ಹೋದಳು. ಅಂದಿನಿಂದ ನೆಂಟರ ಪ್ರತಿ ಸಮಾರಂಭದಲ್ಲೂ ಅವಳದು ಒಂದೇ ರಾಗ: "ಆವತ್ತು ಕರೆಂಟ್ ಹೋಗ್ದಿದ್ರೆ ನಾನೇ ಗೆಲ್ತಿದ್ದೆ!"

ಮೊನ್ನೆ ಸರೋಜ ತನ್ನ ಮೊಮ್ಮಗಳ ನಾಮಕರಣಕ್ಕೆ ಕರೆಯಲು ಬರುತ್ತೇನೆಂದಳು. ನಾನು ಫೋನಿನಲ್ಲೇ ಚಾಲೆಂಜ್ ಹಾಕಿದೆ. ಸೋತವರು ನಾಮಕರಣದ ದಿನ ಎಲ್ಲರೆದುರು "ನಾನು ಸೋತೆ" ಎನ್ನಬೇಕು.

ಈಗಿನ ಚಪ್ಪಟೆ ಟಿವಿಯಲ್ಲಿ ಈ ಆಟ ನಡೆಯುವುದಿಲ್ಲ. ಗನ್ನಿನ ತುದಿಯಲ್ಲಿ ಒಂದು ಕಣ್ಣಿದೆ. ಅದು ಪರದೆಯ ಬೆಳಕು ನೋಡಿ ಗುರಿ ಹಿಡಿಯುತ್ತದೆ. ಅದಕ್ಕೆ ಹಳೇ ಪಿಕ್ಚರ್ ಟ್ಯೂಬಿನ ಬೆಳಕೇ ಬೇಕು. ಹಾಗಾಗಿ ಅವಳು ಬರುವ ದಿನ ಬೆಳಿಗ್ಗೆ ಯಜಮಾನರು ಅಟ್ಟದಿಂದ ಮಾನಿಟರ್ ಇಳಿಸಿದರು.

"ಲೇ, ಇದು ಮಾನಿಟರ್ರೋ ಗುಂಡುಕಲ್ಲೋ? ನನ್ನ ಸೊಂಟ ಹೋಯ್ತು ಕಣೇ!"

"ಡೋಂಟ್ ಎಕ್ಸಾಜರೇಟ್ ರೀ. ಇನ್ನೊಂಚೂರು ಎಡಕ್ಕೆ."

ಇಷ್ಟು ವರ್ಷ ಮಲಗಿದ್ದ ಯಂತ್ರವನ್ನು ಪೂಜೆಯಿಲ್ಲದೆ ಎಬ್ಬಿಸುವುದುಂಟೆ? ನಮ್ಮ ಕಾನ್ವೆಂಟಿನ ಸಿಸ್ಟರ್ ಕಂಡಿದ್ದರೆ 'ಸೂಪರ್‌ಸ್ಟಿಷನ್' ಎನ್ನುತ್ತಿದ್ದರು. ಮಾನಿಟರಿನ ಹಣೆಗೆ, ಗೇಮಿನ ಡಬ್ಬಿಗೆ ಒದ್ದೆ ಅರಿಸಿನ ಹಚ್ಚಿ ಕುಂಕುಮವಿಟ್ಟೆ. ಗನ್ನಂತೂ ಆಯುಧ! ಅದಕ್ಕೆ ಸ್ವಲ್ಪ ಧಾರಾಳವಾಗಿಯೇ ಇಟ್ಟೆ.

ಆನ್ ಮಾಡಿದರೆ ಪರದೆಯ ಒಂದು ಮೂಲೆ ನೇರಳೆ! ಅಲ್ಲಿಗೆ ಹಾರಿಬಂದ ಬಾತುಕೋಳಿಗಳೆಲ್ಲ ಬದನೆಕಾಯಿಗಳಾಗುತ್ತಿದ್ದವು. ಶಿರಾದ ಹಳೇ ಮೆಕ್ಯಾನಿಕ್ ಬಾಷಾರಿಗೆ ಫೋನ್ ಮಾಡಿದೆ.

"ಬಾಜೂದಾಗೆ ಸ್ಪೀಕರ್ ಗೀಕರ್ ಇಟ್ಟಿದೀರೇನಮ್ಮಾ?"

ಇಟ್ಟಿದ್ದೆ. ಸ್ಟೈಲಿಗೆ.

"ಅದರ ಮ್ಯಾಗ್ನೆಟ್ಟು ಕಲರ್ ಕೆಡಿಸ್ತದೆ. ದೂರ ಇಡಿ. ಅರ್ಧ ಗಂಟೆ ಆಫ್ ಮಾಡಿ, ಆಮೇಲೆ ಹಾಕಿ."

ಹಾಗೇ ಮಾಡಿದೆ. ಮಾನಿಟರ್ 'ಡುಂಯ್' ಎಂದಿತು. ಬಣ್ಣ ಸರಿಹೋಯಿತು. ನಾನು ಕುದುರೆ ಏರಿದವಳಂತೆ ಗನ್ ಎತ್ತಿದೆ. ಹತ್ತು ಬಾತುಕೋಳಿ ಹಾರಿದವು. ಹತ್ತೂ ಸುಖವಾಗಿ ಮನೆ ಸೇರಿದವು!

ಬ್ರೈಟ್‌ನೆಸ್ ಏರಿಸಿದೆ. ಕರ್ಟನ್ ಎಳೆದೆ. ಕನ್ನಡಕ ಒರೆಸಿದೆ. ಕಣ್ಣಿನ ಪೊರೆ ತೆಗೆದ ಡಾಕ್ಟರನ್ನು ಮನಸ್ಸಿನಲ್ಲೇ ಬೈದೆ. ಕುರ್ಚಿ ಮುಂದೆ ಮುಂದೆ ಎಳೆದು ಮೂಗನ್ನು ಗಾಜಿಗೆ ತಾಗಿಸಿದೆ.

"ಇನ್ನೂ ಹತ್ರ ಹೋಗು," ಎಂದರು ಯಜಮಾನರು. "ಬಾತುಕೋಳೀನೇ ಬಂದು ಕುಕ್ತದೆ!"

ಅಷ್ಟರಲ್ಲಿ ಸರೋಜ ಬಂದೇಬಿಟ್ಟಳು. "ವದಿನಾ, ರೆಡೀನಾ?" ಪಾವಗಡ ಸೇರಿದ ಮೇಲೆ ಅವಳ ಬಾಯಲ್ಲಿ ನಾನು ಅತ್ತಿಗೆ ಹೋಗಿ ತೆಲುಗಿನ ವದಿನ ಆಗಿದ್ದೇನೆ.

ಗನ್ ಸರಿಯಿಲ್ಲವೆಂದರೆ ನೆಪ ಎನ್ನುತ್ತಾಳೆ. ಪ್ರೆಸ್ಟೀಜ್ ಪ್ರಶ್ನೆ! ಮೊದಲ ಸರದಿ ನನ್ನದು. ಹತ್ತಕ್ಕೆ ಸೊನ್ನೆ.

ಅವಳು ಗನ್ ತೆಗೆದುಕೊಂಡು, ತಿರುಗಿಸಿ ತುದಿ ನೋಡಿದಳು.

"ಏಂದಿ ವದಿನಾ ಇದು? ಗನ್ನಿನ ಕಣ್ಗೇ ಕುಂಕುಮ ಮೆತ್‌ಬುಟ್ಟಿದೀಯಲ್ಲ! ಅದಕ್ಕೆಂಗೆ ಕಾಣ್ತದೆ?"

ಪೊರೆ ಇದ್ದದ್ದು ನನ್ನ ಕಣ್ಣಿಗಲ್ಲ. ಗನ್ನಿನ ಕಣ್ಣಿಗೆ. ಬರಿಸಿದವಳು ನಾನೇ!

ಅವಳು ಸೆರಗಿನಿಂದ ಒರೆಸಿ ಹತ್ತರಲ್ಲಿ ಎಂಟು ಉರುಳಿಸಿದಳು.

"ನನಗೆ ಇನ್ನೊಂದು ಚಾನ್ಸ್! ಫೇರ್ ಪ್ಲೇ!" ಎಂದು ಕೂಗಿದೆ. ದೊಡ್ಡ ಮನಸ್ಸು ಮಾಡಿ ಕೊಟ್ಟಳು. ಒಂದು, ಎರಡು, ಮೂರು. ಸಾಲಾಗಿ ಉರುಳಿದವು! ಕೈ ಇನ್ನೂ ಹಳೇ ಕೈಯೇ. ನಾಲ್ಕನೆಯದು ರೆಕ್ಕೆ ಬಿಚ್ಚಿತು.

ಕರೆಂಟ್ ಹೋಯಿತು.

"ನಾವು ಪಾವಗಡದಾಗೆ ಬಿಸ್ಲು ಹಿಡಿದು ಕರೆಂಟ್ ಮಾಡಿ ಕಳಿಸ್ತೀವಿ," ಎಂದಳು ಸರೋಜ. "ನಿಮ್ಮೂರ್ಗೆ ಇಟ್ಕೊಳ್ಳೋಕೂ ಬರಾಕಿಲ್ವಲ್ಲ ವದಿನಾ!" ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಳು. ಸ್ಕೋರು ಎಂಟು–ಮೂರು.

ನಾಮಕರಣದ ದಿನ ತೊಟ್ಟಿಲ ಪಕ್ಕ ನಿಂತು, ಒಪ್ಪಂದದಂತೆ ಗಂಭೀರವಾಗಿ ಘೋಷಿಸಿದೆ: "ನಾನು ಸೋತೆ."

ಅಲ್ಲಿಗೆ ನಿಲ್ಲಿಸಬೇಕಿತ್ತು. ಬಾಯಿ ಕೇಳಲಿಲ್ಲ.

"ಆದ್ರೆ ಆವತ್ತು ಕರೆಂಟ್ ಹೋಗ್ದಿದ್ರೆ..."

ಚಪ್ಪರವೆಲ್ಲ ಗೊಳ್ಳೆಂದಿತು. ನಗದೆ ನನ್ನನ್ನೇ ನೋಡುತ್ತಿದ್ದುದು ತೊಟ್ಟಿಲ ಮಗು ಒಂದೇ. ಪಾಪ, ಅದು ಈ ಮಾತನ್ನು ಮೊದಲ ಸಲ ಕೇಳುತ್ತಿತ್ತು!